ಚೀಟಿ ಬರೆಯುವ ಕೋಣೆಯ ಹವೆ

ನಮ್ಮ ಊರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಚೀಲದಲ್ಲಿ ಊಟದ ಡಬ್ಬಿಯ ಜೊತೆ ಇನ್ನೊಂದು ಸೀರೆಯೂ ಇರುತ್ತದೆ. ಗಂಡಸರು ಒಂದು ಅಂಗಿ, ಒಂದು ಟವೆಲು ಇಟ್ಟುಕೊಳ್ಳುತ್ತಾರೆ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ಏನಿರುತ್ತದೆ ಎಂದು ಹೇಳುವಂತಿಲ್ಲ. ಪ್ರತಿ ಕೆಲಸದ ಕೋಣೆಗೂ ಅದರದೇ ಹವೆ, ಆ ಹವೆ ಬರುವುದು ಅಲ್ಲಿಯ ಮೇಲಿನವರಿಂದ. ಒಂದು ಕಡೆ ಮಳೆ, ಒಂದು ಕಡೆ ಬಿಸಿಗಾಳಿ, ಅದೃಷ್ಟವಿದ್ದರೆ ಹದವಾದ ಬಿಸಿಲು. ಮದುವೆಯ ಮಾತುಕತೆಯಲ್ಲಿ ಸಂಬಳ ಎಷ್ಟು ಎನ್ನುವ ಮೊದಲು ಹುಡುಗನ ಕಚೇರಿಯಲ್ಲಿ ಹವೆ ಹೇಗೆ ಎಂದು ಕೇಳುತ್ತಾರೆ. ಮನೆಗಳಿಗೆ ಮಾತ್ರ ಇದು ತಾಗುವುದಿಲ್ಲ. ತಾಗುತ್ತಿದ್ದರೆ ನಿನ್ನ ಅತ್ತೆಯ ಕಾಲದಲ್ಲಿ ನಮ್ಮ ಅಡುಗೆಮನೆಗೆ ಒಂದು ದೋಣಿ ಬೇಕಾಗುತ್ತಿತ್ತು ಎಂದು ನನ್ನ ಗಂಡ ನಗುತ್ತಿದ್ದರು. ಅವರು ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿದ್ದರು. ಅಲ್ಲಿ ವರ್ಷವಿಡೀ ಧೂಳಿನ ಬಿಸಿಗಾಳಿ. ಸಂಜೆ ಅವರು ಒಡೆದ ತುಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಾ, ನಾನು ಒದ್ದೆ ತಲೆಯನ್ನು ಒರೆಸಿಕೊಳ್ಳುತ್ತಾ ಎದುರುಬದುರು ಕೂರುತ್ತಿದ್ದೆವು. ನೋಡಿದವರಿಗೆ ನಾವಿಬ್ಬರೂ ಬೇರೆ ಬೇರೆ ದೇಶದಿಂದ ಬಂದವರಂತೆ ಕಾಣುತ್ತಿದ್ದಿರಬೇಕು.

ಹವೆ ಯಾರಿಂದ ಬರುತ್ತದೋ ಅವರಿಗೆ ಅದು ತಿಳಿಯುವುದಿಲ್ಲ. ಮೈಗೆ ತಾಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಅವರ ಪಾಲಿಗೆ ತಮ್ಮ ಕೋಣೆ ಯಾವಾಗಲೂ ಹಿತವಾಗಿರುತ್ತದೆ. ಅದನ್ನು ಅವರಿಗೆ ಹೇಳುವ ರೂಢಿಯೂ ನಮ್ಮಲ್ಲಿಲ್ಲ.

ಹನ್ನೊಂದು ವರ್ಷ ನಾನು ಜನನ ಮರಣ ನೋಂದಣಿಯ ನಕಲು ವಿಭಾಗದಲ್ಲಿದ್ದೆ. ನನ್ನ ಅಕ್ಷರ ಚೆನ್ನಾಗಿತ್ತು ಎನ್ನುವುದೊಂದೇ ನನ್ನ ಅರ್ಹತೆ. ನಮ್ಮ ಮೇಲ್ವಿಚಾರಕರು ರಂಗಧಾಮಯ್ಯ. ಅವರ ಕೋಣೆಯಲ್ಲಿ ಮಳೆ. ಬೆಳಿಗ್ಗೆ ಹತ್ತೂಕಾಲಿಗೆ ತುಂತುರು ಶುರುವಾದರೆ ಹನ್ನೊಂದರ ಹೊತ್ತಿಗೆ, ಯಾರದಾದರೂ ಒಂದು ತಪ್ಪು ಸಿಕ್ಕಿತೆಂದರೆ, ಸುರಿಯುತ್ತಿತ್ತು. ಅವರು ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ನಡುವೆ ಕುಳಿತು, ಪುಸ್ತಕದಲ್ಲಿ ಶಾಯಿ ಯಾಕೆ ಹರಡಿದೆ ಎಂದು ನಮ್ಮನ್ನು ಕೇಳುತ್ತಿದ್ದರು. ನಾವು ಬಗ್ಗಿ ಪುಸ್ತಕಕ್ಕೆ ಮೈ ಅಡ್ಡ ಹಿಡಿದು ಬರೆಯುತ್ತಿದ್ದೆವು. ನೀರು ಬೆನ್ನ ಮೇಲಿಂದ ಇಳಿದು ಹೋಗುತ್ತಿತ್ತು.

ನನ್ನ ಪಕ್ಕದ ಮೇಜು ಜುಲೇಖಾಳದು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ನನ್ನನ್ನು ವನಮಾಲಕ್ಕ ಎನ್ನುತ್ತಿದ್ದಳು. ನಾವಿಬ್ಬರೂ ಸೇರಿ ಮಳೆಯನ್ನು ತಡೆಯುವ ಒಂದು ವಿದ್ಯೆಯನ್ನೇ ಕಟ್ಟಿಕೊಂಡಿದ್ದೆವು. ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಬಾರದು. ಮೊದಲು ಅವರ ಬಗ್ಗೆ ಯಾರೋ ಆಡಿದ ಒಳ್ಳೆಯ ಮಾತು, ಆಮೇಲೆ ಕಾಫಿ, ಲೋಟ ಕೆಳಗಿಟ್ಟ ಮೇಲೆ ‘ಒಂದು ಸಣ್ಣ ವಿಷಯ’ ಎಂದು ಶುರುಮಾಡಬೇಕು. ಹೇಳುವಾಗ ಬಾಗಿಲ ಕಡೆ ನಿಲ್ಲಬಾರದು, ಓಡಿಹೋಗುವವರಂತೆ ಕಾಣುತ್ತದೆ. ಅವರು ನಕ್ಕರೆ ನಗಬೇಕು, ಆದರೆ ಅವರಿಗಿಂತ ಮೊದಲು ನಿಲ್ಲಿಸಬೇಕು. ಹೊಸದಾಗಿ ಬಂದವರಿಗೆ ನಾವು ಇದನ್ನೆಲ್ಲ ಹೇಳಿಕೊಡುತ್ತಿದ್ದೆವು. ನಮ್ಮಿಬ್ಬರಿಂದಲೇ ಈ ವಿಭಾಗ ಮುಳುಗದೆ ಉಳಿದಿದೆ ಎನ್ನುವ ಹೆಮ್ಮೆಯೂ ಇತ್ತು. ಈಗ ಯೋಚಿಸಿದರೆ, ದೇವರು ಕೊಟ್ಟ ಬುದ್ಧಿಯಲ್ಲಿ ಮುಕ್ಕಾಲು ಪಾಲನ್ನು ಒಬ್ಬ ಮನುಷ್ಯನ ಹುಬ್ಬು ನೋಡುವುದಕ್ಕೇ ಸುರಿದುಬಿಟ್ಟೆವು. ಮನೆಗೆ ಬಂದರೂ ಆ ಹುಬ್ಬು ನನ್ನ ಜೊತೆಗೇ ಬರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ, ಮಗಳ ಜಡೆ ಹೆಣೆಯುವಾಗ, ನಾಳೆ ಅವರಿಗೆ ಏನನ್ನು ಯಾವಾಗ ಹೇಳುವುದೆಂದು ಲೆಕ್ಕ ಹಾಕುತ್ತಿದ್ದೆ.

ಬಲಗೈಯ ಬೆರಳಿನ ಗೆಣ್ಣುಗಳು ಊದಿಕೊಂಡಾಗ ಡಾಕ್ಟರು ನಾಡಿ ಹಿಡಿಯುವ ಮೊದಲೇ ಯಾವ ಕಚೇರಿ ಎಂದು ಕೇಳಿದರು. ಹೇಳಿದೆ. ಅವರು ಮಾತ್ರೆ ಬರೆದುಕೊಟ್ಟು, ಕೋಣೆ ಬದಲಾಯಿಸಲು ಆಗುತ್ತದೆಯೇ ನೋಡಿ ಎಂದರು. ಆಗುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ನಲವತ್ತು ದಾಟಿದವಳನ್ನು ಯಾರು ತೆಗೆದುಕೊಳ್ಳುತ್ತಾರೆ, ಇಲ್ಲಿಯ ಮಳೆಯಾದರೂ ಗೊತ್ತಿರುವ ಮಳೆ ಎನಿಸುತ್ತಿತ್ತು.

ನಾನು ಅಲ್ಲಿಂದ ಹೊರಟದ್ದು ಬೈಗುಳಕ್ಕಲ್ಲ. ಒಂದು ದಿನ ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಅದರ ಜನನ ಪತ್ರ ಹಿಡಿದು ಬಂದಳು. ಮಗುವಿನ ಹೆಸರಿದ್ದ ಜಾಗದಲ್ಲಿ ನೀಲಿ ಕಲೆ ಮಾತ್ರ ಉಳಿದಿತ್ತು. ಶಾಲೆಯವರು ಸೇರಿಸಿಕೊಳ್ಳಲಿಲ್ಲವಂತೆ. ಬರೆದವಳು ನಾನು. ರಂಗಧಾಮಯ್ಯ ನನ್ನನ್ನು ಅವಳ ಎದುರಿಗೇ ನಿಲ್ಲಿಸಿ, ಇವರಿಗೆ ಉತ್ತರ ಕೊಡಿ ಎಂದರು. ಮಳೆ ಸುರಿಯತೊಡಗಿತು. ಆ ಹೆಂಗಸು ನನ್ನ ಮುಖ ನೋಡಿದಳು, ತೋಳು ನೋಡಿದಳು, ಸೆರಗಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದಳು. ನನ್ನ ಮೇಲೆ ಕೂಗಾಡುವ ಹಕ್ಕು ಅವಳಿಗಿತ್ತು. ಅವಳು ಕೂಗಾಡಲಿಲ್ಲ. ಮಗುವನ್ನು ಕೆಳಗೆ ನಿಲ್ಲಿಸಿ ನನ್ನ ಸೆರಗಿನ ತುದಿಯನ್ನು ಹಿಡಿದು, ಮನೆಯಲ್ಲಿ ಬಟ್ಟೆ ಹಿಂಡುವಂತೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಂಡಿ, ನನ್ನ ಹೆಗಲಿಗೆ ಹಾಕಿದಳು. ಅವಳ ಪತ್ರವನ್ನು ಕಾರಿಡಾರಿನಲ್ಲಿ ಕುಳಿತು ಹೊಸದಾಗಿ ಬರೆದುಕೊಟ್ಟೆ. ಅದು ಆ ಕಚೇರಿಯಲ್ಲಿ ನಾನು ಬರೆದ ಕೊನೆಯ ಹೆಸರು.

ಹೊಸ ಕೆಲಸ ಹುಡುಕುವುದಕ್ಕೆ ನಮ್ಮ ಊರಿನಲ್ಲಿ ಒಂದು ಕ್ರಮವಿದೆ. ಅರ್ಜಿ ಹಾಕುವ ಮೊದಲು ಸಂಜೆ ಐದೂವರೆಗೆ ಆ ಜಾಗದ ಎದುರು ನಿಂತು ಹೊರಬರುವವರನ್ನು ನೋಡಬೇಕು. ನಾನು ಎರಡು ತಿಂಗಳು ಹೀಗೆ ಗೇಟಿನಿಂದ ಗೇಟಿಗೆ ನಿಂತೆ. ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ನಿಲ್ಲುವ ಮುಂಭಾಗದಲ್ಲಿ ಚಿನ್ನದಂಥ ಬಿಸಿಲಿತ್ತು. ಹೊಲಿಯುವವರು ಕೂರುವ ಹಿಂಭಾಗದಲ್ಲಿ ಆಲಿಕಲ್ಲು ಬೀಳುತ್ತಿತ್ತು ಎಂದು ಅವರ ಹಣೆಯ ಬುಗುಟುಗಳಿಂದ ತಿಳಿಯಿತು. ಒಂದು ಬ್ಯಾಂಕಿನವರು ಒಣಗಿದ ಬಟ್ಟೆಯಲ್ಲೇ ಹೊರಬಂದರು, ತುಟಿ ಮಾತ್ರ ನೀಲಿಗಟ್ಟಿತ್ತು. ಕೊನೆಗೆ ಊರಾಚೆಯ ಬೀಜದ ಕೋಠಿ. ತರಕಾರಿ ಬೀಜಗಳನ್ನು ಹಸನು ಮಾಡಿ, ಒಣಗಿಸಿ, ಪೊಟ್ಟಣ ಕಟ್ಟಿ ಕಳಿಸುವ ಜಾಗ. ಅಲ್ಲಿಂದ ಹೊರಬಂದವರಲ್ಲಿ ವಿಶೇಷ ಏನೂ ಕಾಣಲಿಲ್ಲ. ಒಬ್ಬಳು ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದಳು, ಉಳಿದವರು ಅವಳನ್ನು ಛೇಡಿಸುತ್ತಿದ್ದರು. ಯಾರ ಕೈಯಲ್ಲೂ ಎರಡನೇ ಸೀರೆಯ ಚೀಲವಿರಲಿಲ್ಲ. ಅದನ್ನು ಗಮನಿಸುವುದಕ್ಕೆ ನನಗೆ ಮೂರು ಸಂಜೆ ಬೇಕಾಯಿತು.

ಕೋಠಿಯನ್ನು ನಡೆಸುತ್ತಿದ್ದವರು ಚೆನ್ನಾಜಮ್ಮ. ಅರವತ್ತರ ಆಸುಪಾಸಿನ ದಪ್ಪ ಕನ್ನಡಕದ ಹೆಂಗಸು. ಪೊಟ್ಟಣಗಳ ಮೇಲೆ ಚೀಟಿ ಬರೆಯುವುದಕ್ಕೆ ಒಳ್ಳೆಯ ಅಕ್ಷರದವರು ಬೇಕಿತ್ತು. ಮೊದಲ ದಿನವೇ ಅವರು ಯಾವ ಮೇಲಿನವರ ಬಾಯಲ್ಲೂ ನಾನು ಕೇಳದಿದ್ದ ಮಾತೊಂದನ್ನು ಹೇಳಿದರು. ಇಲ್ಲಿ ಕೆಲವು ದಿನ ಮೋಡ ಕವಿಯುತ್ತದಂತೆ, ನನಗೆ ತಿಳಿಯುವುದಿಲ್ಲ, ಕೆಲಸದವರು ಹೇಳುತ್ತಾರೆ, ಆಗ ನಾನು ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ ಎಂದರು. ನನಗೆ ಅದು ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ವಾರ ಕಳೆದ ಮೇಲೆ ಒಂದು ಮೂಟೆ ಮೂಲಂಗಿ ಬೀಜಕ್ಕೆ ನುಸಿ ಬಿದ್ದದ್ದನ್ನು ಹೇಳಲು ಹೋದಾಗ, ಅಭ್ಯಾಸಬಲದಿಂದ ಅವರ ಹೊಸ ಕನ್ನಡಕದ ಚೌಕಟ್ಟನ್ನು ಹೊಗಳತೊಡಗಿದೆ.

“ವಿಷ್ಯ ಏನು ಅದನ್ನ ಮೊದ್ಲು ಹೇಳಮ್ಮ,” ಎಂದರು ಚೆನ್ನಾಜಮ್ಮ. “ಕನ್ನಡಕ ಎಲ್ಲೂ ಓಡಿಹೋಗಲ್ಲ.”

ಹೇಳಿದೆ. ಮೂಟೆ ಬೇರೆ ಕಡೆ ಇಡಿಸು ಎಂದರು. ಅಷ್ಟೇ. ನಾನು ಅಲ್ಲೇ ನಿಂತಿದ್ದೆ, ಇನ್ನೂ ಏನೋ ಬಾಕಿಯಿದೆ ಎನ್ನುವ ಹಾಗೆ. ಸಂಕ್ರಾಂತಿ ಕಳೆದ ಮೇಲಿನ ಬೆಳಗಿನಂಥ ಹವೆ ಹಾಗೆಯೇ ಇತ್ತು.

ಆರು ತಿಂಗಳಲ್ಲಿ ಬೆರಳಿನ ಊತ ಇಳಿಯಿತು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ಸಂಜೆ ಮನೆಗೆ ನಡೆಯುವಾಗ ನನ್ನ ತಲೆಯಲ್ಲಿ ಯಾರ ಮುಖವೂ ಇರುತ್ತಿರಲಿಲ್ಲ. ದಾರಿಯಲ್ಲೊಂದು ಹೊಂಗೆ ಮರವಿದೆ ಎನ್ನುವುದು ನನಗೆ ತಿಳಿದದ್ದೇ ಆಗ.

ಮೂರನೆಯ ವರ್ಷ ಕೆಲಸ ಹೆಚ್ಚಾಗಿ, ಚೀಟಿ ಬರೆಯುವುದಕ್ಕೇ ಅಂಗಳದ ಪಕ್ಕದಲ್ಲಿ ಒಂದು ಬೇರೆ ಕೋಣೆ ಮಾಡಿ ಅದನ್ನು ನನಗೆ ವಹಿಸಿದರು. ಜೊತೆಗೊಬ್ಬರನ್ನು ನೀನೇ ಆರಿಸಿಕೊ ಎಂದರು ಚೆನ್ನಾಜಮ್ಮ. ನನಗೆ ಬೇರೆ ಯೋಚನೆಯೇ ಬರಲಿಲ್ಲ. ಅದೇ ಸಂಜೆ ಜುಲೇಖಾಳ ಮನೆಗೆ ಹೋದೆ. ಅವಳು ರಂಗಧಾಮಯ್ಯನವರ ಕೋಣೆಯಿಂದ ಆಗತಾನೇ ಬಂದು ಸೀರೆ ಹಿಂಡುತ್ತಿದ್ದಳು. ಕೆಮ್ಮು ಎದೆಗಿಳಿದಿತ್ತು. ನನ್ನ ಕೋಣೆಯಲ್ಲಿ ನೀನು ಒಂದು ದಿನವೂ ಒದ್ದೆಯಾಗುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಅವಳು ಅತ್ತಳು. ನಾನೂ ಅತ್ತೆ. ಜೀವನದಲ್ಲಿ ನಾನು ಯಾರಿಗಾದರೂ ಕೊಡಬಹುದಾದ ದೊಡ್ಡ ವಸ್ತು ಅದೇ ಎಂದುಕೊಂಡೆ, ಒಂದು ಒಣ ಕೋಣೆ.

ನನ್ನ ಕೋಣೆ ಬಹಳ ಹಿತವಾಗಿತ್ತು. ಕಿಟಕಿಯಿಂದ ಎಳೆಬಿಸಿಲು ಬರುತ್ತಿತ್ತು. ಶಾಯಿ ಹರಡುತ್ತಿರಲಿಲ್ಲ. ನಾನು ಯಾರನ್ನೂ ಬೈಯಲಿಲ್ಲ, ಒಂದು ಏರುದನಿಯ ಮಾತನ್ನೂ ಆಡಲಿಲ್ಲ. ಮೇಲಿನವರಿಗೆ ತಮ್ಮ ಹವೆ ತಿಳಿಯುವುದಿಲ್ಲ ಎನ್ನುವುದು ನಮ್ಮ ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅದು ಬೇರೆಯವರ ವಿಷಯ ಎಂದುಕೊಂಡಿದ್ದೆ. ಹನ್ನೊಂದು ವರ್ಷ ನೆನೆದವಳಿಗೆ ನೀರಿನ ವಾಸನೆ ತಿಳಿಯದೆ ಹೋಗುತ್ತದೆಯೇ ಎನ್ನುವ ಧೈರ್ಯ. ಅಂಗಳದಲ್ಲಿ ಮೊರ ಹಿಡಿಯುವ ತಿಪ್ಪಮ್ಮ ಬೀಜದ ತಟ್ಟೆಗಳನ್ನು ಹೊಸಿಲಾಚೆಯಿಂದಲೇ ಚಾಚಿ ಕೊಟ್ಟು ಹೋಗುತ್ತಿದ್ದಳು. ಮಂಡಿನೋವಿರಬೇಕು ಅಂದುಕೊಂಡೆ. ಜುಲೇಖಾ ಮೊದಲಿನಂತೆ ‘ನೀನು’ ಅನ್ನದೆ ‘ನೀವು’ ಅನ್ನತೊಡಗಿದ್ದಳು. ಅದನ್ನು ಮರ್ಯಾದೆ ಅಂದುಕೊಂಡೆ.

ಐದನೆಯ ತಿಂಗಳು, ಒಂದು ಮಧ್ಯಾಹ್ನ, ಅವಳು ನನ್ನ ಮೇಜಿನ ಬಳಿ ಬಂದಳು. ಹೋದ ವಾರ ನೀವು ಬರೆದ ಚೀಟಿಗಳನ್ನು ನೋಡಿ ಪಕ್ಕದ ಊರಿನ ವ್ಯಾಪಾರಿ ಎಷ್ಟು ಹೊಗಳಿದ ಗೊತ್ತೇ ಎಂದಳು. ನನಗೆ ಖುಷಿಯಾಯಿತು. ಆಮೇಲೆ ಕಾಫಿ ತಂದಿಟ್ಟಳು. ಕುಡಿದೆ. ಲೋಟ ಕೆಳಗಿಟ್ಟೆ.

“ಒಂದು ಸಣ್ಣ ವಿಷಯ, ಅಕ್ಕ,” ಎಂದಳು ಜುಲೇಖಾ.

ಈರುಳ್ಳಿ ಬೀಜದ ನಲವತ್ತು ಪೊಟ್ಟಣಗಳಿಗೆ ಸೊಪ್ಪಿನ ಚೀಟಿ ಅಂಟಿಸಿಬಿಟ್ಟಿದ್ದಳಂತೆ. ಅವಳು ಹೇಳುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ. ಅವಳು ನಿಂತಿದ್ದ ಜಾಗವನ್ನು ನೋಡುತ್ತಿದ್ದೆ. ಬಾಗಿಲ ಕಡೆ ನಿಂತಿರಲಿಲ್ಲ. ನಾನೇ ಹೇಳಿಕೊಟ್ಟಂತೆ, ಮೇಜಿನ ಎಡಗಡೆ, ಒಂದು ಹೆಜ್ಜೆ ಹಿಂದೆ ನಿಂತಿದ್ದಳು. ಮೈತುಂಬ ಶಾಲು ಹೊದ್ದಿದ್ದಳು. ಕೆಳಗೆ ನೋಡಿದೆ. ಚೈತ್ರದ ಮಧ್ಯಾಹ್ನ ಕಾಲಿಗೆ ದಪ್ಪ ಉಣ್ಣೆಯ ಚೀಲ ಹಾಕಿಕೊಂಡಿದ್ದಳು. ಎಷ್ಟು ದಿನದಿಂದ ಹಾಕಿಕೊಂಡಿದ್ದಳೋ, ನಾನು ನೋಡಿರಲಿಲ್ಲ.

ಇಲ್ಲಿ ಹವೆ ಹೇಗಿದೆ ಎಂದು ಕೇಳಿದೆ. ಚೆನ್ನಾಗೇ ಇದೆ ಎಂದಳು. ಆ ಉತ್ತರ ಬಂದ ವೇಗ ನನಗೆ ಗೊತ್ತಿತ್ತು, ನಾವೂ ಅಷ್ಟೇ ವೇಗವಾಗಿ ಹೇಳುತ್ತಿದ್ದೆವು. ಎದ್ದು ಅವಳನ್ನು ಅಂಗಳಕ್ಕೆ ಕರೆದುಕೊಂಡು ಬಂದೆ. ಹೊರಗೆ ಬಂದ ಮೇಲೆ ಅವಳ ಕೈ ಹಿಡಿದು ನೋಡಿದೆ. ಬಾವಿಯಿಂದ ಆಗತಾನೇ ಎತ್ತಿದ ಬಿಂದಿಗೆಯಂತಿತ್ತು.

ಎಷ್ಟು ದಿನದಿಂದ ಎಂದೆ. ಬಂದ ತಿಂಗಳಿಂದ ಎಂದಳು. ಮಳೆಯೇ ಎಂದೆ.

“ಮಳೆ ಆಗಿದ್ರೆ ಪರವಾಗಿರಲಿಲ್ಲ ಅಕ್ಕ, ನಮಗೆ ಅಭ್ಯಾಸ. ಅವರದು ಸುರೀತಿತ್ತು, ನಿಲ್ತಿತ್ತು. ನಿಮ್ಮದು ಮಂಜು. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಗೊತ್ತೇ ಆಗಲ್ಲ. ಒಂದೊಂದು ದಿನ ನನ್ನ ಕೈಯೇ ನನಗೆ ಕಾಣಲ್ಲ.”

“ಒಂದು ದಿನಾನಾದ್ರೂ ನಿನ್ನ ಬೈದಿದ್ದೀನಾ ನಾನು?”

“ಬೈದಿದ್ರೆ ಯಾಕೆ ಬೈದ್ರು ಅಂತ ಗೊತ್ತಾಗ್ತಿತ್ತು. ನಾನು ಬರೆದ ಚೀಟಿ ಎತ್ಕೊಂಡು ಹೋಗಿ ನೀವೇ ಇನ್ನೊಂದು ಬರೀತೀರ. ಒಂದು ಮಾತಿಲ್ಲ. ನೀವು ಹೋದ್ಮೇಲೆ ನಾನು ಕಸದ ಬುಟ್ಟೀಲಿ ನನ್ನ ಚೀಟಿ ಹುಡುಕ್ತೀನಿ, ಎಲ್ಲಿ ತಪ್ಪಿತ್ತು ಅಂತ ನೋಡೋಕೆ. ತಪ್ಪು ಸಿಗಲ್ಲ, ಅಕ್ಕ.”

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಆ ಮಳೆಯಿಂದ ಎತ್ತಿಕೊಂಡು ಬಂದವಳು ನಾನು, ಇವಳ ಕೆಮ್ಮು ನಿಂತದ್ದು ನನ್ನಿಂದ, ಈಗ ನನ್ನನ್ನೇ ರಂಗಧಾಮಯ್ಯನವರ ಪಕ್ಕದಲ್ಲಿ ನಿಲ್ಲಿಸುತ್ತಿದ್ದಾಳಲ್ಲ ಎನ್ನಿಸಿತು. ನಾವು ಅಂಗಳದಲ್ಲಿದ್ದುದು ಒಳ್ಳೆಯದಾಯಿತು. ಕೋಣೆಯೊಳಗಿದ್ದಿದ್ದರೆ ಆ ಗಳಿಗೆಯಲ್ಲಿ ಅವಳ ಮೇಲೆ ಏನು ಬೀಳುತ್ತಿತ್ತೋ ಗೊತ್ತಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಯಾವ ಬಾಯಲ್ಲಿ ಹೇಳ್ಲಿ? ನನ್ನ ಅಲ್ಲಿಂದ ಬಿಡಿಸ್ಕೊಂಡು ಬಂದೋರು ನೀವು,” ಎಂದಳು. ಶಾಲನ್ನು ಸರಿಮಾಡಿಕೊಳ್ಳುತ್ತಾ, “ನೀವು ಕೇಳ್ಲೂ ಇಲ್ಲ,” ಎಂದಳು.

ಆ ಸಂಜೆ ಹೊಂಗೆ ಮರ ಕಾಣಲಿಲ್ಲ. ಯಾಕೆ ಹಾಗೆ ಮಾಡುತ್ತಿದ್ದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅವಳ ಅಕ್ಷರ ಕೆಟ್ಟದಿರಲಿಲ್ಲ. ಸ್ವಲ್ಪ ಬಲಕ್ಕೆ ವಾಲುತ್ತಿತ್ತು, ದೀರ್ಘಗಳನ್ನು ಉದ್ದಕ್ಕೆ ಎಳೆಯುತ್ತಿದ್ದಳು. ನೋಂದಣಿ ಕಚೇರಿಯಲ್ಲಿ ಯಾರ ಪುಸ್ತಕದಲ್ಲಿ ಕಲೆ ಬಿದ್ದರೂ ಕೊನೆಗೆ ನಾನು ಎದ್ದು ನಿಲ್ಲಬೇಕಾಗುತ್ತಿತ್ತು. ಎಲ್ಲವನ್ನೂ ನಾನೇ ಬರೆದುಬಿಟ್ಟರೆ ಯಾರೂ ಏನೂ ಅನ್ನುವಂತಿಲ್ಲ ಎಂದು ಅಲ್ಲಿ ಕಲಿತಿದ್ದೆ. ಆ ಕಲಿಕೆಯನ್ನು ಒಣಗಿಸಿ, ಮಡಿಚಿ ಇಲ್ಲಿಗೆ ತಂದಿದ್ದೆ. ರಂಗಧಾಮಯ್ಯನವರಿಗೂ ಯಾರೋ ಮೇಲಿನವರು ಇದ್ದಿರಬೇಕು ಎಂದು ಆವತ್ತು ಮೊದಲ ಸಲ ಹೊಳೆಯಿತು. ಹೊಳೆದದ್ದರಿಂದ ಅವರ ಮೇಲಿನ ನನ್ನ ಕೋಪವೇನೂ ಕಡಿಮೆಯಾಗಲಿಲ್ಲ.

ಮರುದಿನ ಚೆನ್ನಾಜಮ್ಮನವರ ಬಳಿ ಹೋಗಿ ವಿಷಯವನ್ನು ಮೊದಲೇ ಹೇಳಿದೆ. ಕೋಣೆಯ ಜವಾಬ್ದಾರಿ ನನಗೆ ಬೇಡ, ಹವೆ ಇಲ್ಲದವರು ಯಾರಿಗಾದರೂ ಕೊಡಿ ಎಂದೆ. ಅವರು ಬದನೆ ಬೀಜವನ್ನು ಅಂಗೈಯಲ್ಲಿ ಉಜ್ಜುತ್ತಾ ಕೇಳಿಸಿಕೊಂಡರು.

“ಹವೆ ಇಲ್ಲದೋರು ಎಲ್ಲಿ ಸಿಗ್ತಾರಮ್ಮ ಈ ಊರಲ್ಲಿ?” ಎಂದರು. “ಗೊತ್ತಾಯ್ತಲ್ಲ. ಹೋಗಿ ಕೆಲಸ ನೋಡು.”

ಅಂಗಳದ ಕೆಲಸಕ್ಕೆ ಹೋಗಬಹುದು ಎಂದು ಜುಲೇಖಾಳಿಗೆ ಹೇಳಿದೆ. ನಿನ್ನ ಮೇಲೆ ಯಾವ ಬೇಸರವೂ ಇಲ್ಲ ಎಂದೂ ಹೇಳಿದೆ. ಅವಳು ಲೆಕ್ಕ ಹಾಕುವವಳಂತೆ ನನ್ನ ಮುಖ ನೋಡಿದಳು. ಒಂದು ತಿಂಗಳು ನೋಡುತ್ತೇನೆ, ಆಗದಿದ್ದರೆ ತಿಪ್ಪಮ್ಮನ ಜೊತೆ ಮೊರ ಹಿಡಿಯುತ್ತೇನೆ ಎಂದಳು. ಆ ಒಂದು ತಿಂಗಳು ನನ್ನ ಪಾಲಿಗೆ ಮೊದಲ ನೌಕರಿಯ ಮೊದಲ ತಿಂಗಳಿಗಿಂತ ಕಷ್ಟವಾಗಿತ್ತು. ಅವಳು ಹೊರಟುಹೋದರೆ ಹೋಗುವುದು ಸಹಾಯಕಿಯಲ್ಲ. ನನಗಿದ್ದ ಒಬ್ಬಳೇ ಗೆಳತಿ ನನ್ನ ಕೋಣೆಯಲ್ಲಿ ಕೂರಲಾರದೆ ಹೋದಳು ಎಂದಾಗುತ್ತಿತ್ತು.

ಬೆಳಿಗ್ಗೆ ಬಂದ ಕೂಡಲೇ ಮಂಜು ಇದೆಯೇ ಎಂದು ಕೇಳುತ್ತಿದ್ದೆ. ಮೊದಲ ದಿನಗಳಲ್ಲಿ ಅವಳು ಪರವಾಗಿಲ್ಲ ಎನ್ನುತ್ತಿದ್ದಳು. ಆ ಪರವಾಗಿಲ್ಲವನ್ನು ನಂಬದೆ ಸುಮ್ಮನೆ ನಿಲ್ಲುತ್ತಿದ್ದೆ. ಆಮೇಲೆ ಇದೆ ಎನ್ನತೊಡಗಿದಳು. ಇದೆ ಎಂದಾಗ ಯಾಕೆ ಎಂದು ಕೇಳಿದರೆ ಮಂಜು ಇನ್ನೂ ದಟ್ಟವಾಗುತ್ತದಂತೆ. ಹಾಗೆಂದು ಅವಳೇ ಹೇಳಿದಳು. ಯಾಕೆ ಎನ್ನುವುದನ್ನು ಬಿಟ್ಟೆ. ಅವಳ ಚೀಟಿಗಳನ್ನು ಮುಟ್ಟಬಾರದು ಎಂದು ಮನಸ್ಸಿಗೆ ಹೇಳಿಕೊಂಡರೆ ಕಣ್ಣು ಅತ್ತಲೇ ಹೋಗುತ್ತಿತ್ತು. ಕಣ್ಣು ಹೋದರೂ ಗೊತ್ತಾಗುತ್ತದಂತೆ. ನನ್ನ ಮೇಜನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡೆ. ಈ ಎಲ್ಲ ಹೊತ್ತಿನಲ್ಲೂ ನನ್ನ ಪಾಲಿಗೆ ಕೋಣೆಯಲ್ಲಿ ಅದೇ ಎಳೆಬಿಸಿಲು, ಅದೇ ಹಿತ. ಮೈ ಹೇಳುವುದನ್ನು ನಂಬದೆ ಇನ್ನೊಬ್ಬಳ ಬಾಯಿ ಹೇಳುವುದನ್ನು ನಂಬಿ ಕೂರುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು.

ಇಪ್ಪತ್ತಾರನೆಯ ದಿನ ಹೀರೇಕಾಯಿ ಬೀಜದ ಚೀಟಿಗಳಿದ್ದವು. ಜುಲೇಖಾ ಬರೆದ ಮೊದಲ ಚೀಟಿಯಲ್ಲಿ ಅಕ್ಷರಗಳೆಲ್ಲ ಎಂದಿನಂತೆ ಬಲಕ್ಕೆ ವಾಲಿದ್ದವು, ದೀರ್ಘದ ಬಾಲ ಚೀಟಿಯ ಅಂಚಿನವರೆಗೆ ಹೋಗಿತ್ತು. ಎತ್ತಿಕೊಂಡೆ. ಅವಳು ಲೇಖನಿ ನಿಲ್ಲಿಸಿದಳು. ಚೀಟಿಯ ಹಿಂದೆ ಅಂಟು ಸವರಿ, ಪೊಟ್ಟಣದ ಮೇಲಿಟ್ಟು, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿ ಬುಟ್ಟಿಗೆ ಹಾಕಿದೆ. ಅವಳು ಎರಡನೆಯದನ್ನು ಬರೆದಳು. ಅದನ್ನೂ ಹಾಗೆಯೇ ಅಂಟಿಸಿದೆ. ಹತ್ತು, ಹದಿನೈದು ಆಯಿತು. ನನ್ನ ಲೇಖನಿಯ ಮುಚ್ಚಳ ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜುಲೇಖಾ ಮೇಜಿನ ಕೆಳಗೆ ಬಗ್ಗಿದಳು. ಏನೋ ಬಿದ್ದಿರಬೇಕು ಅಂದುಕೊಂಡೆ. ಬಲಗಾಲಿನ ಚೀಲವನ್ನು ಎಳೆದು ತೆಗೆದು, ಕೊಡವಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬರಿಗಾಲನ್ನು ನೆಲಕ್ಕೆ ಊರಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಎಡಗಾಲಿನದನ್ನು ತೆಗೆಯಲಿಲ್ಲ.

“ಏನು ನೋಡ್ತಿದ್ದೀಯ,” ಎಂದಳು ತಲೆಯೆತ್ತದೆ. “ಮುಂದಿನ ಚೀಟಿ ತಗೋ.”